ಒಸಿ ಬೆಂಕಿ ಕೊಡವ್ವ

ನಮ್ಮ ಮಾವನಿಗೆ ಬಲಗಡೆಯ ಹುಬ್ಬು ಅರ್ಧವೇ ಇತ್ತು. ಮೂಗಿನ ಬುಡದಿಂದ ದಟ್ಟವಾಗಿ ಹೊರಟ ಹುಬ್ಬು ಕಣ್ಣಿನ ನಡುವಿಗೆ ಬಂದು ಅಲ್ಲಿಗೇ ನಿಂತುಬಿಡುತ್ತಿತ್ತು. ಅದರಾಚೆ ಬರೀ ನುಣುಪಾದ, ತಾಮ್ರದ ಬಣ್ಣಕ್ಕೆ ತಿರುಗಿದ ಚರ್ಮ. ಹೆಣ್ಣು ನೋಡುವ ಶಾಸ್ತ್ರಕ್ಕೆ ಅವರು ನಾಗಮಂಗಲ ತಾಲ್ಲೂಕು ಹೊಣಕೆರೆ ಕಡೆಯ ನಮ್ಮ ತೌರಿಗೆ ಬಂದ ದಿನ ನಾನು ಗಂಡನಾಗುವವರ ಮುಖ ನೋಡಿದ್ದು ಕಡಿಮೆ, ಆ ಹುಬ್ಬು ನೋಡಿದ್ದೇ ಹೆಚ್ಚು. ಕಾಫಿ ಲೋಟ ತೆಗೆದುಕೊಳ್ಳುವಾಗ ಅವರಿಗೆ ಅದು ಗೊತ್ತಾಯಿತು.

"ಏನವ್ವ, ಉಬ್ಬು ನೋಡ್ತಾ ಇದ್ದೀಯಾ? ನಮ್ಮ ಆಲೆಮನೆ ಒಲೆ ಇಸ್ಕಂಡ್ಬುಟ್ಳು ಕಣವ್ವ. ಇಷ್ಟು ವರ್ಸದಿಂದ ಅವಳ ಎದುರಿಗೇ ಕುಂತೀವ್ನಿ, ಬಾಡ್ಗೆ ಬ್ಯಾಡ್ವಾ ಅವಳ್ಗೆ?"

ಮನೆ ತುಂಬ ನಗು. ನನ್ನ ಎದೆಯಲ್ಲಿದ್ದ ಹೆದರಿಕೆ ಆ ನಗುವಿನಲ್ಲೇ ಕರಗಿತು. ದೇವರು ನನಗೆ ಮಾಡಿದ ಸಣ್ಣಪುಟ್ಟ ಉಪಕಾರಗಳನ್ನು ನೆನೆಯುತ್ತ ಕೂತರೆ ಆ ಅರ್ಧ ಹುಬ್ಬಿನಿಂದಲೇ ಶುರು ಮಾಡಬೇಕು.

ಪಾಂಡವಪುರದಿಂದ ಕೆ.ಆರ್.ಪೇಟೆ ಕಡೆಗೆ ಹೋಗುವ ದಾರಿಯಲ್ಲಿ, ನಾಲೆ ದಾಟಿದ ಮೇಲೆ ನಮ್ಮೂರು. ನಾನು ಹುಟ್ಟಿದ್ದು ರಾಗಿ, ತೆಂಗು, ಮಳೆ ನಂಬಿದ ಹೊಲಗಳ ಸೀಮೆಯಲ್ಲಿ. ಅಲ್ಲಿ ಸೌದೆ ಅಂದರೆ ಚಿನ್ನ. ನಮ್ಮವ್ವ ಹೊಲದಿಂದ ಬರುವಾಗ ಬರಿಗೈಲಿ ಬಂದದ್ದು ನಾನು ನೋಡಿಯೇ ಇಲ್ಲ. ಒಂದು ಒಣಗಿದ ಸೋಗೆಯೋ, ನಾಲ್ಕು ಕಡ್ಡಿಯೋ ಕಂಕುಳಲ್ಲಿ ಇರಲೇಬೇಕು. ಅಲ್ಲಿಂದ ಈ ನೀರಾವರಿ ಸೀಮೆಗೆ ಬಂದು ನೋಡಿದರೆ ಮನೆಯ ಹಿತ್ತಿಲಲ್ಲೇ ಆಲೆಮನೆ, ಅದರ ಅಂಗಳದ ತುಂಬ ಉರುವಲು. ಮನೆಗೂ ಆಲೆಮನೆಗೂ ನಡುವೆ ಒಂದು ಹುಣಸೆಮರ, ಬಟ್ಟೆ ಒಣಹಾಕುವ ಒಂದು ತಂತಿ, ಅಷ್ಟೆ.

ಗಾಣಕ್ಕೆ ಕಬ್ಬು ಕೊಟ್ಟರೆ ಒಂದು ಕಡೆ ರಸ, ಇನ್ನೊಂದು ಕಡೆ ಸಿಪ್ಪೆ. ರಸವನ್ನು ನಮ್ಮ ಕಡೆ ಕಬ್ಬಿನ ಹಾಲು ಅಂತಲೇ ಕರೆಯುತ್ತಾರೆ, ಸಿಪ್ಪೆಗೆ ರಚ್ಚು ಅಂತಾರೆ. ಹಾಲು ದೊಡ್ಡ ಕೊಪ್ಪರಿಗೆಗೆ ಹೋಗುತ್ತದೆ. ರಚ್ಚು ಅಂಗಳದಲ್ಲಿ ಒಣಗಿ, ಅದೇ ಕೊಪ್ಪರಿಗೆಯ ಕೆಳಗೆ ಉರಿಯಾಗುತ್ತದೆ. "ನೋಡವ್ವ, ಕಬ್ಬಿನ ಹಾಲ ಕಬ್ಬೇ ಕಾಯ್ಸ್ತದೆ. ಇನ್ನೊಬ್ರ ಮನೆ ಮುಂದೆ ನಿಂತ್ಕಂಡು ಬೇಡಂಗೇ ಇಲ್ಲ" ಎಂದು ಮಾವ ಮೊದಲ ದಿನವೇ ನನಗೆ ತೋರಿಸಿದ್ದರು, ಹೊಸ ಸೊಸೆಗೆ ಒಡವೆ ಪೆಟ್ಟಿಗೆ ತೋರಿಸುವಷ್ಟು ಸಡಗರದಿಂದ.

ನಮ್ಮ ಆಲೆಮನೆಗೆ ಒಂದು ಪದ್ಧತಿ ಉಂಟು. ದೀಪಾವಳಿ ಕಳೆದ ಮೇಲೆ ಬೆಲ್ಲದ ಹೊಸ ಸಾಲು ಶುರುವಾಗುವಾಗ ಒಲೆಗೆ ಕಡ್ಡಿ ಗೀರಬಾರದು. ಮನೆಯ ದೇವರ ದೀಪದಿಂದ ಮನೆಯ ಹೆಣ್ಣುಮಗಳು ಬೆಂಕಿ ತಂದು ಕೊಡಬೇಕು. ಆ ಬೆಂಕಿ ಸಾಲು ಮುಗಿಯುವ ತನಕ ಆರಬಾರದು. ಕೆಲಸ ನಿಂತ ಮೇಲೂ ಕೆಂಡವನ್ನು ಬೂದಿಯೊಳಗೆ ಮುಚ್ಚಿಟ್ಟು, ಮಾರನೆಯ ದಿನ ಅದರಿಂದಲೇ ಎಬ್ಬಿಸಬೇಕು. ಈ ಬೆಂಕಿ ಕೊಡುವ ಕೆಲಸ ನಮ್ಮ ಅತ್ತೆಯದಾಗಿತ್ತು. ನಾನು ಸೊಸೆಯಾಗಿ ಬರುವುದಕ್ಕೆ ಮುಂಚೆಯೇ ಅತ್ತೆ ತೀರಿಕೊಂಡಿದ್ದರು. ಅವರಿಲ್ಲದ ಸಾಲಿನಲ್ಲಿ ಮಾವ ಒಲೆಯನ್ನೇ ಹಚ್ಚಲಿಲ್ಲವಂತೆ. ಬಂದ ಕಬ್ಬನ್ನೆಲ್ಲ ಕಾರ್ಖಾನೆಗೆ ಸಾಗಹಾಕಿ, ತಣ್ಣಗಿನ ಒಲೆಯ ಮುಂದೆ ಬೀಡಿ ಸೇದುತ್ತ ಕೂತಿದ್ದರಂತೆ.

ನಾನು ಬಂದ ವರ್ಷ ದೀಪಾವಳಿ ಕಳೆದ ಸೋಮವಾರ, ದೇವರ ಮನೆಯಲ್ಲಿ ಹೂವು ಏರಿಸುತ್ತಿದ್ದೆ. ಬಾಗಿಲಲ್ಲಿ ಯಾರೋ ನಿಂತಂತಾಯಿತು. ತಿರುಗಿದರೆ ಮಾವ. ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು, ಹೆಗಲ ಮೇಲಿನ ಟವೆಲ್ಲನ್ನು ಸೊಂಟಕ್ಕೆ ಸುತ್ತಿ, ಗುಡಿಯ ಬಾಗಿಲಲ್ಲಿ ನಿಂತ ಹಾಗೆ ಕೈ ಮುಗಿದು ನಿಂತಿದ್ದಾರೆ.

"ಒಸಿ ಬೆಂಕಿ ಕೊಡವ್ವ" ಅಂದರು.

ನನಗೆ ಏನು ಮಾಡಬೇಕೋ ತೋಚಲಿಲ್ಲ. ಅವರೇ ಹೇಳಿಕೊಟ್ಟರು. ತೆಂಗಿನ ಚಿಪ್ಪಿನಲ್ಲಿ ಎಣ್ಣೆ ಬತ್ತಿ ಇಟ್ಟು ದೀಪದಿಂದ ಹಚ್ಚಿಕೊಂಡು ಹೊರಗೆ ಬಂದೆ. ಹಿತ್ತಿಲಲ್ಲಿ ಗಾಳಿ. ಮಾವ ಮುಂದೆ ನಡೆಯಲಿಲ್ಲ. ಗಾಳಿ ಬರುತ್ತಿದ್ದ ಕಡೆಗೆ ಹೋಗಿ, ಟವೆಲ್ ಬಿಚ್ಚಿ ಎರಡೂ ಕೈಯಲ್ಲಿ ಹರಡಿ ಹಿಡಿದು, ನನ್ನ ಪಕ್ಕಕ್ಕೆ ಮರೆಯಾಗಿ ನಡೆದರು. ಹುಣಸೆಮರದಡಿ ಹಾದು ಒಲೆಯ ಬಾಯಿಗೆ ಮುಟ್ಟುವ ತನಕ ಆ ಟವೆಲ್ ಇಳಿಸಲಿಲ್ಲ. ಅಷ್ಟು ದೊಡ್ಡ ಮನುಷ್ಯ, ಊರಲ್ಲಿ ನ್ಯಾಯ ಹೇಳುವವರು, ನಿನ್ನೆ ಮೊನ್ನೆ ಬಂದ ಹುಡುಗಿಯ ಕೈಯ ದೀಪಕ್ಕೆ ಮರೆಯಾಗಿ ಅಡ್ಡಡ್ಡ ಹೆಜ್ಜೆ ಹಾಕಿಕೊಂಡು ಬಂದದ್ದನ್ನು ನೆನೆದರೆ ಈಗಲೂ ನನಗೆ ಬೆನ್ನು ನೆಟ್ಟಗಾಗುತ್ತದೆ.

ಒಲೆ ಹತ್ತಿಕೊಂಡ ಮೇಲೆ ಹೇಳಿದರು: "ಬೆಂಕಿ ಅಂದ್ರೆ ದೇವ್ರ ಬಾಯಿ ಕಣವ್ವ. ಅದ್ಕೆ ಏನ್ ಆಕ್ತೀವಿ ಅಂತ ನೋಡ್ಕಂಡ್ ಆಕ್ಬೇಕು. ಕಂಡಿದ್ದೆಲ್ಲಾ ತುರುಕ್ಬಾರ್ದು."

ಮಾವನಿಗೆ ತಮ್ಮ ಉರಿ ಸರಿಯಾಗಿದೆಯೋ ಇಲ್ಲವೋ ಎಂದು ನೋಡಲು ಒಂದು ಅಳತೆಯಿತ್ತು. ಅದು ನಾನು ಬಟ್ಟೆ ಒಣಹಾಕುವ ತಂತಿ. ಬೆಳಗ್ಗೆ ಒಲೆಯ ಮುಂದೆ ಕೂರುವ ಮೊದಲು ಕೂಗುತ್ತಿದ್ದರು, "ಅವ್ವಾ, ನನ್ ಪಂಚೆ ಒಗ್ದಾಕಿದ್ದೀಯಾ?" ಒಲೆಯ ಹೊಗೆಗೊಳವೆಗೆ ಎದುರಾಗಿ ಅವರ ಬಿಳಿ ಪಂಚೆಯೇ ನೇತಾಡಬೇಕು. ಸಂಜೆ ಎದ್ದು ಬಂದು ಪಂಚೆಯ ಅಂಚು ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡುವರು. ಮಸಿಯ ಒಂದು ಚುಕ್ಕೆ ಕಂಡರೂ ಆ ದಿನ ಅವರಿಗೆ ಮುದ್ದೆ ಇಳಿಯುತ್ತಿರಲಿಲ್ಲ. "ರಚ್ಚು ಅಸಿ ಇತ್ತು ಕಣವ್ವ, ನಂದೇ ಆತ್ರ" ಎಂದು ತಮ್ಮನ್ನೇ ಬೈದುಕೊಳ್ಳುವರು. ಪಂಚೆ ಬೆಳ್ಳಗಿದ್ದರೆ ಅದನ್ನು ಅಲ್ಲೇ ಮಡಿಸಿ ಹೆಗಲಿಗೆ ಹಾಕಿಕೊಂಡು ಜಂಬದಿಂದ ಒಳಗೆ ಬರುವರು, ಕುಸ್ತಿ ಗೆದ್ದವರ ಹಾಗೆ.

ಹಾಗಂತ ಅವರೇನು ಹಳೇ ಕಾಲಕ್ಕೆ ಅಂಟಿಕೊಂಡ ಮನುಷ್ಯರಲ್ಲ. ಊರಿಗೆ ಗ್ಯಾಸು ಬಂದಾಗ ಮೊದಲು ಬರೆಸಿದ್ದು ಅವರೇ. "ನಿಮ್ಮತ್ತೆ ಊದುಗೊಳವೆ ಊದೀ ಊದೀ ಕೆಮ್ಮಿದ್ದು ಸಾಕು, ನೀ ಊದ್ಬ್ಯಾಡ" ಅಂದರು. ಮಿಕ್ಸಿ ತಂದರು, ಬಟ್ಟೆ ಒಗೆಯುವ ಮೆಷೀನು ತಂದರು. ಅದು ಗಡಗಡ ಅಂದಾಗಲೆಲ್ಲ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಒಳಗೆ ಪಂಚೆ ತಿರುಗುವುದನ್ನು ನೋಡುತ್ತಿದ್ದರು. ಆದರೆ ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನು ತಿರುಗುತ್ತಿದ್ದರೆ ಸಹಿಸುತ್ತಿರಲಿಲ್ಲ. ಸರ್ಕಾರ ಮನೆಗಳಿಗೆ ಇಷ್ಟು ಕರೆಂಟು ಪುಕ್ಕಟೆ ಅಂದಾಗ ಊರೆಲ್ಲ ಸಂತೋಷಪಟ್ಟಿತು, ನಾನೂ ದೇವರಿಗೆ ಕೈ ಮುಗಿದೆ. ನಮ್ಮ ಯಜಮಾನರು ಅವತ್ತೇ, "ಇನ್ನೇನಪ್ಪಾ, ಮಹಡಿ ಮೇಲೊಂದು ರೂಮು ಕಟ್ಟಿ ಏಸಿ ಹಾಕ್ಸ್ಬುಡವಾ" ಅಂದರು.

ಮಾವ ಬೀಡಿ ಆರಿಸಿ ಹೇಳಿದರು: "ಪುಕ್ಕಟೆ ಅಂದ್ರೆ ನೀ ಕಾಸು ಕೊಡಂಗಿಲ್ಲ ಅಂತ ಕನ್ಲಾ. ಯಾವುದೂ ಉರಿಯಕ್ಕಿಲ್ಲ ಅಂತಲ್ಲ. ಎಲ್ಲೋ ಒಂದ್ಕಡೆ ನಿನ್ನ ಏಸಿಗೂ ಒಬ್ಬ ಒಲೆ ಮುಂದೆ ಕುಂತೇ ಇರ್ತಾನೆ. ಅವ್ನಿಗೂ ಉಬ್ಬು ಸುಟ್ಟಿರ್ತದೆ."

ಬೀಡಿ ವಿಷಯಕ್ಕೆ ನಾನೇ ಒಮ್ಮೆ ಕೇಳಿದ್ದೆ. "ಊರಿಗೆಲ್ಲ ಹೊಗೆ ಬ್ಯಾಡ ಅಂತೀರಿ, ನೀವು ಬೀಡಿ ಬಿಡಲ್ಲವಲ್ಲ ಮಾವ?"

"ಇದು ನನ್ನ ಸ್ವಂತ ಒಗೆ ಕಣವ್ವ. ನನ್ನೆದೆಗೇ ಓಯ್ತದೆ, ನಂಗೇ ಕೆಮ್ಮು ಬತ್ತದೆ. ಪಕ್ಕದ್ಮನೆ ಮಗೀನ್ ಕೆಮ್ಮಿಸಕ್ಕಿಲ್ಲ" ಎಂದು ಹೇಳಿ, ಹೇಳುತ್ತಲೇ ಕೆಮ್ಮಿದರು. ಇಬ್ಬರೂ ನಕ್ಕೆವು. ಈ ಒಂದು ವಿಷಯದಲ್ಲಿ ಅವರು ಸೋತರು, ಅದನ್ನೂ ಹೇಳಿಬಿಡುತ್ತೇನೆ.

ಟಿ.ವಿ.ಯಲ್ಲಿ ದೊಡ್ಡವರು ಕೂತು ದೇಶದ ಕರೆಂಟು, ಕಲ್ಲಿದ್ದಲು, ಬಿಸಿಲಿನ ಕರೆಂಟು, ಹೊಗೆ ಕಡಿಮೆ ಮಾಡುವುದು ಎಂದು ಮಾತಾಡಿದರೆ ಮಾವ ಮುದ್ದೆ ಮುರಿಯುವುದನ್ನೂ ಬಿಟ್ಟು ಕೇಳುತ್ತಿದ್ದರು. ಕಬ್ಬಿನಿಂದ ಸ್ಪಿರಿಟ್ಟು ತೆಗೆದು ಪೆಟ್ರೋಲಿಗೆ ಬೆರೆಸುತ್ತಾರೆ ಅಂತ ಗೊತ್ತಾದ ಮೇಲಂತೂ, ನಮ್ಮ ಯಜಮಾನರು ಪೆಟ್ರೋಲ್ ಹಾಕಿಸಿಕೊಂಡು ಬಂದಾಗಲೆಲ್ಲ ಬೈಕಿನ ಟ್ಯಾಂಕು ತಟ್ಟುತ್ತಿದ್ದರು. "ನಮ್ಮೊಲದ ಕಬ್ಬ ಕುಡ್ಕಂಡು ಓಡಾಡ್ತಾ ಅದೆ ಕನ್ಲಾ ನಿನ್ ಗಾಡಿ. ಸಂಕ್ರಾಂತಿಗೆ ಇದ್ಕೂ ಒಸಿ ಎಳ್ಳು ತಿನ್ಸು, ಬೆಲ್ಲ ಆಗ್ಲೇ ಕುಡ್ದದೆ." ಆಮೇಲೆ ಟಿ.ವಿ. ಕಡೆಗೆ ಕೈ ತೋರಿಸಿ, "ಅವರು ದೇಶದ ಒಲೆ ನೋಡ್ಕತಾ ಅವ್ರೆ. ನಾವು ನಮ್ಮೊಲೆ ನೋಡ್ಕಳವಾ" ಎಂದು ಎದ್ದು ಹೋಗುತ್ತಿದ್ದರು.

ನನ್ನನ್ನೂ ಅವರು ಬಿಡುತ್ತಿರಲಿಲ್ಲ. ಗ್ಯಾಸು ಬಂದ ಮೇಲೂ ನಾನು ಸೌದೆ ಕೂಡಿಡುವುದನ್ನು ಬಿಟ್ಟಿರಲಿಲ್ಲ. ತೌರಿನ ಅಭ್ಯಾಸ. ಸೋಗೆ, ತೆಂಗಿನ ಮಟ್ಟೆ, ಚಿಪ್ಪು, ಹುಣಸೆಯ ಒಣಕೊಂಬೆ, ಏನು ಸಿಕ್ಕರೂ ಅಟ್ಟಕ್ಕೆ ಏರಿಸುತ್ತಿದ್ದೆ. ನಾನೊಬ್ಬಳೇ ಅಲ್ಲ, ಊರಿನ ಅಟ್ಟಗಳೆಲ್ಲ ಹಾಗೇ ಇದ್ದವು. ಕೆಳಗೆ ಗ್ಯಾಸು ಉರಿಯುತ್ತಿರುತ್ತದೆ, ಮೇಲೆ ಸೌದೆ ಒಣಗುತ್ತಿರುತ್ತದೆ. ಸಿಲಿಂಡರನ್ನು ಯಾವ ಹೆಂಗಸು ಪೂರ್ತಿ ನಂಬಿದ್ದಾಳೆ?

"ಗ್ಯಾಸಿಟ್ಕಂಡು ಸೌದೆ ಒಟ್ತೀಯಲ್ಲವ್ವ, ಯಾರ್ನ ಸುಡಕ್ಕೆ?" ಎಂದು ಮಾವ ಅಟ್ಟದ ಏಣಿಯ ಕೆಳಗೆ ನಿಂತು ಕೇಳುವರು.

"ಇರ್ಲಿ ಬುಡಿ ಮಾವ, ಅದೇನ್ ಮುದ್ದೆ ಕೇಳ್ತದಾ?" ಅನ್ನುತ್ತಿದ್ದೆ.

ಆ ಅಟ್ಟದಿಂದಲೇ ಮುಂದಿನ ಕತೆ.

ಆ ವೇಳೆಗೆ ಸುತ್ತಮುತ್ತಲ ಕೆಲವು ಆಲೆಮನೆಗಳಿಗೆ ಗುಜರಿಯ ಹಳೇ ಟೈರು ಬರತೊಡಗಿತ್ತು. ರಚ್ಚು ಒಣಗಿಸುವ ತಾಪತ್ರಯವಿಲ್ಲ, ಮಳೆಯ ಹಂಗಿಲ್ಲ, ನಾಲ್ಕು ಚೂರು ಎಸೆದರೆ ಧಗ್ಗನೆ ಉರಿ. ಆದರೆ ಹೊಗೆಯೋ! ಗಾಳಿ ನಮ್ಮ ಕಡೆ ತಿರುಗಿದ ದಿನ ಬಾಗಿಲ ರಂಗೋಲಿಯ ಮೇಲೆ ಮಸಿ ಬೀಳುತ್ತಿತ್ತು, ಕರೆದ ಹಾಲಿನಲ್ಲಿ ಎಳೆ ಎಳೆ ಮಸಿ ತೇಲುತ್ತಿತ್ತು. ತಂತಿಯ ಮೇಲಿನ ಪಂಚೆ ನೋಡಿ ಮಾವ ಮುದ್ದೆ ಮುಟ್ಟುತ್ತಿರಲಿಲ್ಲ. ಅದು ತಮ್ಮ ಒಲೆಯದಲ್ಲ ಎಂದು ಗೊತ್ತಿದ್ದರೂ.

ಆ ವರ್ಷದ ಕಾರ್ತಿಕದಲ್ಲಿ ನಮ್ಮ ಭಾವ, ಎಂದರೆ ಯಜಮಾನರ ದೊಡ್ಡಪ್ಪನ ಮಗ, ತಮ್ಮ ಹೊಲದ ಕಬ್ಬಿನ ವಿಷಯಕ್ಕೆ ಬಂದರು. ಆಕಾಶ ತಿಳಿಯಾಗಿತ್ತು. ಮಾವ ಮೇಲೆ ನೋಡಿ, "ಕಡ್ಸ್ಲಾ, ನಾನು ಅರ್ದು ಕೊಡ್ತೀನಿ" ಎಂದು ಮಾತು ಕೊಟ್ಟರು. ಕಬ್ಬು ಕಡಿದು ನಮ್ಮ ಅಂಗಳದಲ್ಲಿ ರಾಶಿ ಹಾಕಿದ್ದೇ ತಡ, ಎಲ್ಲೋ ಸಮುದ್ರದಲ್ಲಿ ಸೈಕ್ಲೋನಂತೆ, ನಮ್ಮಲ್ಲಿ ಜಿಟಿಜಿಟಿ ಮಳೆ ಹಿಡಿಯಿತು. ಜೋರು ಮಳೆ ಬಂದು ಹೋಗಿಬಿಟ್ಟರೆ ವಾಸಿ. ಇದು ಹೋಗಲೂ ಇಲ್ಲ, ಬರಲೂ ಇಲ್ಲ, ಬಾಗಿಲಲ್ಲಿ ಕೂತ ನೆಂಟನ ಹಾಗೆ. ಅಂಗಳದ ರಚ್ಚೆಲ್ಲ ನೆನೆದು ಹಿಂಡಿದರೆ ನೀರು. ಕಡಿದ ಕಬ್ಬು ಕಾಯುವುದಿಲ್ಲ. ದಿನ ಕಳೆದಂತೆ ಹುಳಿ ಬರುತ್ತದೆ, ಆಮೇಲೆ ಎಷ್ಟು ಕುದಿಸಿದರೂ ಬೆಲ್ಲ ಅಚ್ಚು ಕಟ್ಟುವುದಿಲ್ಲ. ಮಾತು ಕೊಟ್ಟು ಕಬ್ಬು ಕೆಡಿಸಿದ ಆಲೆಮನೆಗೆ ಮತ್ತೆ ಯಾರು ಬರುತ್ತಾರೆ? ಮಾವನ ಇಷ್ಟು ಕಾಲದ ಹೆಸರು ಆ ಒದ್ದೆ ರಾಶಿಯ ಮೇಲೆ ನಿಂತಿತ್ತು.

ಆ ಮಧ್ಯಾಹ್ನ ನಾನು ಕಾಫಿ ತೆಗೆದುಕೊಂಡು ಆಲೆಮನೆಗೆ ಹೋದಾಗ ಬಾಗಿಲಲ್ಲಿ ಟಾರ್ಪಾಲು ಮುಚ್ಚಿದ ಟ್ರಾಕ್ಟರು ನಿಂತಿತ್ತು. ಟಾರ್ಪಾಲಿನ ಸಂದಿಯಲ್ಲಿ ಕತ್ತರಿಸಿದ ಟೈರು. ತರಿಸಿದ್ದು ನಮ್ಮ ಯಜಮಾನರು. ಒಲೆಯ ಮುಂದೆ ಮಾವ ಕುಕ್ಕರಗಾಲಲ್ಲಿ ಕೂತು, ಬೂದಿ ಸರಿಸಿ ಸರಿಸಿ ಕೆಂಡ ಎಬ್ಬಿಸಲು ನೋಡುತ್ತಿದ್ದರು. ಕೆಂಡ ಇನ್ನೇನು ಕಣ್ಣು ಮುಚ್ಚುವಂತಿತ್ತು.

"ಅಪ್ಪಾ, ಬರೀ ಒಂದಿವ್ಸ" ಅಂದರು ಯಜಮಾನರು. "ಮಳೆ ನಿಂತ್ರೆ ಮತ್ತೆ ರಚ್ಚೇ ಆಕದು. ಎಲ್ರೂ ಆಕ್ತಾವ್ರೆ, ನಮ್ಮೊಬ್ರಿಂದ ಏನ್ ಲೋಕ ಕೆಟ್ಟೋಯ್ತದಾ?"

"ಒಂದಿವ್ಸ ಕುಡುದ್ರೂ ಕುಡುದಂಗೇ ಕನ್ಲಾ."

ಭಾವ ಒದ್ದೆ ಟವೆಲ್ ಹಿಂಡುತ್ತ ನಿಂತಿದ್ದರು. "ಚಿಕ್ಕಪ್ಪಾ, ನೀ ಕಡ್ಸು ಅಂದೆ, ಕಡ್ಸ್ದೆ. ಈಗ ಕಬ್ಬು ಉಳಿ ಬಂದ್ರೆ ನಾ ಎಲ್ಲಿಗೋಗ್ಲಿ? ನಿನ್ ಶಾಸ್ತ್ರ ನಿಂಗೆ, ನನ್ ಒಂದ್ ವರ್ಸದ ಬೆವರು ಏನಾಗ್ಬೇಕು?"

ಆ ಮಾತು ಸುಳ್ಳಲ್ಲ. ಮಾವನಿಗೂ ಗೊತ್ತಿತ್ತು. ಅವರು ತಲೆ ಎತ್ತಿ, ಬೂದಿ ಮೆತ್ತಿದ ಕೈಯಿಂದ ನನ್ನ ಕಡೆ ತೋರಿಸಿದರು.

"ಮಾತು ಕೊಟ್ಟೋನು ನಾನು. ಬೆಂಕಿ ಕೊಟ್ಟೋಳು ಇವ್ಳು. ಕೇಳ್ರಲಾ ಇವ್ಳ್ನ. ದೇವ್ರ ದೀಪದಿಂದ ತಂದ್ಕೊಟ್ಟ ಬೆಂಕಿಗೆ ಟೈರು ಆಕ್ಲಾ ಅಂತ. ಇವ್ಳು ಊ ಅಂದ್ರೆ ಆಕ್ಬುಡ್ತೀನಿ."

ಎಲ್ಲರ ಕಣ್ಣೂ ನನ್ನ ಮೇಲೆ. ಆಲೆಮನೆಯ ವಿಷಯದಲ್ಲಿ ಗಂಡಸರು ಹೆಣ್ಣುಮಗಳ ಮಾತು ಕೇಳಿದ್ದು ನಾನು ಅವತ್ತಿನ ತನಕ ಕಂಡಿರಲಿಲ್ಲ. ಹೂಂ ಅಂದರೆ ನಾನು ಹಚ್ಚಿದ ದೀಪಕ್ಕೆ ದ್ರೋಹ. ಊಹೂಂ ಅಂದರೆ ಭಾವನ ಹೊಟ್ಟೆಗೆ ಹೊಡೆದಂತೆ, ಗಂಡನಿಗೆ ಎದುರು ಮಾತಾಡಿದಂತೆ. ನಮ್ಮಪ್ಪಾ, ದಾರಿ ತೋರಿಸು ಎಂದು ನಮ್ಮ ಮನೆದೇವರು ಕರಿಘಟ್ಟದ ಸ್ವಾಮಿಯನ್ನು ನೆನೆದೆ. ಅದೇ ಹೊತ್ತಿಗೆ ಮಾವನ ಹಳೆಯ ಕುಚೋದ್ಯ ಕಿವಿಯಲ್ಲಿ ಕೇಳಿದಂತಾಯಿತು: ಯಾರ್ನ ಸುಡಕ್ಕೆ ಒಟ್ತೀಯವ್ವ?

"ಒಸಿ ತಾಳಿ ಮಾವ. ಕೆಂಡ ಆರುಸ್ಬ್ಯಾಡಿ" ಎಂದಷ್ಟೇ ಹೇಳಿ, ಕಾಫಿ ತಟ್ಟೆಯನ್ನು ಯಜಮಾನರ ಕೈಗೆ ಕೊಟ್ಟು ಮನೆಗೆ ಓಡಿದೆ.

ನಮ್ಮ ಅಟ್ಟದ್ದನ್ನೆಲ್ಲ ಕೆಳಗೆ ತಳ್ಳಿದೆ. ಅಷ್ಟು ವರ್ಷ ಒಲೆಯ ಕಾವು, ಹೆಂಚಿನ ಬಿಸಿಲು ಕುಡಿದ ಸೌದೆ, ಮುಟ್ಟಿದರೆ ಟಣ್ ಅನ್ನುತ್ತಿತ್ತು. ಆದರೆ ಕೊಪ್ಪರಿಗೆಯ ಒಲೆಗೆ ಅದು ಒಂದು ತುತ್ತು. ಎದುರು ಮನೆ ಅಕ್ಕನ ಬಾಗಿಲಿಗೆ ಹೋದೆ. ವಿಷಯ ಪೂರ್ತಿ ಹೇಳುವುದಕ್ಕೂ ಬಿಡಲಿಲ್ಲ.

"ಅಯ್ಯೋ ತಕ್ಕಂಡೋಗಮ್ಮಿ! ಅಟ್ಟದಲ್ಲಿ ಇಲಿ ಬಾಣಂತನ ಮಾಡ್ಕತಾ ಅವೆ. ಖಾಲಿ ಆದ್ರೆ ನಿಂಗೇ ಪುಣ್ಯ."

ಆಚೆ ಮನೆ ಅಜ್ಜಿ ಮಾತ್ರ ಏಣಿಗೆ ಅಡ್ಡ ನಿಂತಳು. "ಗ್ಯಾಸು ಮುಗುದ್ರೆ ನಾನೇನ್ ಮಾಡ್ಲಿ?"

"ಅಚ್ಚು ಬೆಲ್ಲ ಕೊಡ್ತೀನಿ ಕಣಜ್ಜಿ."

"ಬೆಲ್ಲ ಒಲೆಗಾಕಿ ಸಾರು ಕಾಯ್ಸ್ಲೇನೆ?" ಎಂದು ಗದರಿಸಿದಳು. ಆಮೇಲೆ, "ಯಾರ್ಗೆ, ನಿಮ್ಮಾವನ ಒಲೆಗಾ? ಟೈರು ಬ್ಯಾಡ ಅಂದ್ನಂತಾ?" ಎಂದು ಕೇಳಿ, ತಾನೇ ಸೀರೆ ಎತ್ತಿ ಕಟ್ಟಿ ಏಣಿ ಹತ್ತತೊಡಗಿದಳು. ಇಳಿಸಿಕೊಳ್ಳುವುದೇ ನನಗೆ ಸಾಹಸವಾಯಿತು.

ಬೀದಿಯ ಹೆಂಗಸರು ತಲೆಯ ಮೇಲೆ ಗೋಣಿತಾಟು ಹಾಕಿಕೊಂಡು, ಸೌದೆಯ ಮೇಲೆ ಪ್ಲಾಸ್ಟಿಕ್ಕು ಹೊದೆಸಿಕೊಂಡು ಜಿಟಿಮಳೆಯಲ್ಲಿ ಸಾಲಾಗಿ ಬಂದದ್ದನ್ನು ನೀವು ನೋಡಬೇಕಿತ್ತು. ಒಬ್ಬಳು ಮುರಿದ ತೊಟ್ಟಿಲ ಕಾಲು ತಂದಿದ್ದಳು, ಇನ್ನೊಬ್ಬಳು ಹುಳು ಹಿಡಿದ ಹಳೇ ಒನಕೆ. ಎಲ್ಲರ ಮನೆಯಲ್ಲೂ ನೀಲಿ ಉರಿಯ ಗ್ಯಾಸು ಇತ್ತು, ಅದಕ್ಕೇ ಈ ಸೌದೆ ಉಳಿದಿತ್ತು. ಹೆಂಗಸರ ಕಣ್ಣಿಗೆ ಹೊಗೆ ತುಂಬಬಾರದು ಎಂದು ಸರ್ಕಾರ ಮನೆಮನೆಗೆ ಗ್ಯಾಸು ಕೊಟ್ಟಿತಲ್ಲ, ಆ ಪುಣ್ಯ ಸುತ್ತಿ ಬಳಸಿ ಹೀಗೆ ನಮ್ಮ ಆಲೆಮನೆಗೆ ಬಂದು ಸೇರಿತು.

ಮಾವ ಎದ್ದು ನಿಂತರು. ಒಂದೊಂದು ಹೊರೆ ಇಳಿದಾಗಲೂ ಕೈ ಮುಗಿದರು. ಮೊದಲ ಸೋಗೆ ಕೆಂಡ ಕಚ್ಚಿಕೊಂಡಿತು. ಸೌದೆಯನ್ನೇ ನಂಬಿ ಕೂರುವ ಹಾಗಿರಲಿಲ್ಲ. ಅದರ ಕಾವಿಗೆ ಒಲೆಯ ಗೋಡೆಯ ಮೇಲೆ ಒದ್ದೆ ರಚ್ಚು ಹರಡಿ, ಒಣಗಿದಷ್ಟನ್ನು ಒಲೆಗೆ ಹಾಕಿ, ಮತ್ತೆ ಒದ್ದೆಯದನ್ನು ಹರಡಿ, ಹೀಗೆ ಉರಿಯಿಂದಲೇ ಉರಿಗೆ ಊಟ ಮಾಡಿಸಿದರು. ನಮ್ಮ ಯಜಮಾನರು ಮುಖ ಗಂಟಿಕ್ಕಿಕೊಂಡೇ ರಚ್ಚು ತಿರುವಿ ಹಾಕುವುದಕ್ಕೆ ನಿಂತರು. ಟ್ರಾಕ್ಟರಿನವನು ಕೆಳಗಿಳಿದು ಮಾವನಿಗೆ, "ಏನ್ ಯಜಮಾನ್ರೇ, ನಿಮ್ದು ಮಳ್ಳು" ಅಂದ.

"ಊ ಕನ್ಲಾ, ಮಳ್ಳೇ. ಕಾಫಿ ಕುಡ್ಕಂಡು ಗಾಡಿ ತಿರುಗ್ಸ್ಕೋ" ಅಂದರು ಮಾವ, ಒಲೆಯಿಂದ ಕಣ್ಣು ತೆಗೆಯದೆ.

ಕಬ್ಬೆಲ್ಲವೂ ಉಳಿಯಿತು ಅಂದರೆ ಸುಳ್ಳಾಗುತ್ತದೆ. ಕೊನೆಯ ಹೊರೆಗಳು ಹುಳಿ ಬಂದವು. ಅಷ್ಟಕ್ಕೆ ಸರಿಯಾಗಿ ಮಾವ ನಮ್ಮ ಮನೆಯ ಬೆಲ್ಲವನ್ನೇ ಭಾವನ ಗಾಡಿಗೆ ಏರಿಸಿದರು, ಭಾವ ಬೇಡ ಬೇಡ ಎಂದರೂ. ಬೆಲ್ಲವೂ ಎಂದಿನಂತೆ ಹೊನ್ನಿನ ಬಣ್ಣಕ್ಕೆ ಬರದೆ ಸ್ವಲ್ಪ ಕಪ್ಪಗೇ ಬಂತು. ಆದರೆ ನಾನು ಹಚ್ಚಿದ ಬೆಂಕಿ ಆರಲಿಲ್ಲ, ಅದಕ್ಕೆ ಟೈರಿನ ಒಂದು ಚೂರೂ ಬೀಳಲಿಲ್ಲ.

ಮಳೆ ಬಿಟ್ಟ ದಿನ ಮಾವ ಮೊದಲು ಕೇಳಿದ್ದು ಅದನ್ನೇ: "ಅವ್ವಾ, ಪಂಚೆ ಒಗ್ದಾಕು." ಸಂಜೆ ಅಂಚು ಹಿಡಿದು ತಿರುಗಿಸಿ ನೋಡಿದರು. ಮಗನನ್ನು ಕರೆದು ಅವರ ಕೈಗೂ ಅಂಚು ಕೊಟ್ಟರು. ಯಜಮಾನರು ಪಂಚೆ ಮಡಿಸಿ ಅಪ್ಪನ ಹೆಗಲಿಗೆ ಹಾಕಿದರು.

ಮಹಡಿ ರೂಮಿಗೆಂದು ತರಿಸಿದ್ದ ಕಬ್ಬಿಣ, ಶೀಟುಗಳೆಲ್ಲ ಮುಂದಿನ ಬೇಸಿಗೆಯಲ್ಲಿ ರಚ್ಚು ಒಣಗಿಸುವ ಚಾವಣಿಯಾದವು. ಏಸಿ ಬರಲಿಲ್ಲ. ಯಜಮಾನರು ಕೆಲವು ದಿನ ಮುನಿಸಿಕೊಂಡು ಜಗಲಿಯಲ್ಲೇ ಮಲಗಿದರು, ನೋಡಿದರೆ ಅಲ್ಲೇ ಗಾಳಿ ಚೆನ್ನಾಗಿತ್ತು. ಆ ಸಾಲಿನಿಂದ ಹೊಸ ಬೆಲ್ಲ ತೆಗೆದಾಗ ಸೌದೆ ಕೊಟ್ಟ ಮನೆಗಳಿಗೆಲ್ಲ ಒಂದೊಂದು ಅಚ್ಚು ಹೋಗುವುದು ನಮ್ಮ ಮನೆಯ ಹೊಸ ಪದ್ಧತಿಯಾಯಿತು. ಆದರೆ ಮೊದಲ ಅಚ್ಚು ಮಾತ್ರ ಎಂದಿನಂತೆ ಕರಿಘಟ್ಟಕ್ಕೆ. ಮಾವ ಅದನ್ನು ಬಾಳೆ ಎಲೆಯಲ್ಲಿ ಸುತ್ತಿ, ಬಿಳಿ ಪಂಚೆಯ ಮಡಿಲಲ್ಲಿ ಇಟ್ಟುಕೊಂಡು ಶ್ರೀರಂಗಪಟ್ಟಣದ ಬಸ್ಸು ಹತ್ತುವರು. ಬೆಟ್ಟದ ಮೆಟ್ಟಿಲನ್ನು ಯಾರ ಕೈಯೂ ಹಿಡಿಯದೆ ಏರುವರು. ಒಂದು ಸಲ ನಾನೂ ಜೊತೆಗೆ ಹೋಗಿದ್ದಾಗ ಮೇಲೆ ನಿಂತು ನದಿಯ ಕಡೆ, ಕಬ್ಬಿನ ಬಯಲ ಕಡೆ, ಅಲ್ಲಲ್ಲಿ ಏಳುವ ಆಲೆಮನೆಯ ಹೊಗೆಗಳ ಕಡೆ ನೋಡುತ್ತ ಅಂದರು, "ನಮ್ದು ಇಲ್ಲಿಂದ ಕಾಣಕ್ಕಿಲ್ಲ ಕಣವ್ವ, ದೂರ. ಆದ್ರೂ ಸ್ವಾಮಿಗೆ ಕಾಣ್ತದೆ. ಬೆಳ್ಳಗದೆ ಅಂತ ಗುರ್ತು ಇಡೀತಾನೆ."

ಕಳೆದ ಬೇಸಿಗೆಯಲ್ಲಿ ಮಾವ ಹೋದರು. ಎದೆಯ ಕೆಮ್ಮು ಅಂತ ಪಾಂಡವಪುರದ ಡಾಕ್ಟರ ಹತ್ತಿರ ತೋರಿಸಿ ಬಂದಿದ್ದೆವು. ಊಟ ಮಾಡಿ ಜಗಲಿಯಲ್ಲಿ ಒರಗಿದ್ದವರು, "ಒಳ್ಗೆ ಫ್ಯಾನು ತಿರುಗ್ತಾ ಅದೆ, ಯಾರಿದ್ದೀರಾ ಅಲ್ಲಿ?" ಎಂದು ಕೇಳಿದರು. ಯಾರೂ ಇರಲಿಲ್ಲ. ನಾನು ಹೋಗಿ ಆರಿಸಿ ಬರುವಷ್ಟರಲ್ಲಿ ಅವರ ಉಸಿರು ನಿಂತಿತ್ತು. ಒದ್ದಾಡಲಿಲ್ಲ, ಯಾರ ಕೈಯಲ್ಲೂ ಎತ್ತಿಸಿಕೊಳ್ಳಲಿಲ್ಲ. ಅದೂ ಒಂದು ದೊಡ್ಡ ಕೃಪೆ. ಜೀವಮಾನವೆಲ್ಲ ಬೆಂಕಿಯ ಮುಂದೆ ಕೂತವರನ್ನು ನಮ್ಮ ಪದ್ಧತಿಯಂತೆ ಮಣ್ಣಿಗೆ ಕೊಟ್ಟೆವು, ಕಬ್ಬಿನ ಗದ್ದೆಯ ಬದುವಿನಲ್ಲಿ, ಅತ್ತೆಯ ಪಕ್ಕದಲ್ಲಿ. ಮೇಲೆ ಹೊದೆಸಲು ಅವರದೇ ಪಂಚೆ ತಂದೆ. ಮಸಿಯ ಒಂದು ಚುಕ್ಕೆ ಇರಲಿಲ್ಲ. ಅಳುವಿನ ನಡುವೆಯೂ ಅದನ್ನು ತಿರುಗಿಸಿ ನೋಡಿದೆ.

ಆಮೇಲೆ ಮನೆಯಲ್ಲಿ ಒಂದು ಮಾತು ಯಾರ ಬಾಯಿಗೂ ಬರದೆ ಓಡಾಡುತ್ತಿತ್ತು. ಆಲೆಮನೆ ಏನಾಗುತ್ತದೆ? 'ಕಬ್ಬನ್ನು ಇನ್ನು ಕಾರ್ಖಾನೆಗೇ ಕೊಟ್ಟುಬಿಡಿ' ಎನ್ನುವವರು ಬಂದು ಹೋದರು. ಯಜಮಾನರು ಯಾರಿಗೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನಾನು ಕೇಳಲಿಲ್ಲ. ಕೇಳಿ ಹೇಳಿಸಿಕೊಳ್ಳುವ ಮಾತಲ್ಲ ಅದು. ಅತ್ತೆ ಹೋದ ವರ್ಷ ಮಾವ ತಣ್ಣಗಿನ ಒಲೆಯ ಮುಂದೆ ಕೂತಿದ್ದರಲ್ಲ, ಹಾಗೇ ಇವರೂ ಹೋಗಿ ಕೂತು ಬರುತ್ತಿದ್ದರು.

ದೀಪಾವಳಿ ಕಳೆಯಿತು. ಸೋಮವಾರ ದೇವರ ಮನೆಯಲ್ಲಿ ದೀಪದ ಬತ್ತಿ ಸರಿಮಾಡುತ್ತಿದ್ದೆ. ಬಾಗಿಲಲ್ಲಿ ನೆರಳು. ಸ್ನಾನ ಮಾಡಿ, ಮಾವನ ಪೆಟ್ಟಿಗೆಯ ಬಿಳಿ ಪಂಚೆ ಉಟ್ಟು, ಟವೆಲ್ಲು ಸೊಂಟಕ್ಕೆ ಸುತ್ತಿ ಯಜಮಾನರು ನಿಂತಿದ್ದರು. ಮದುವೆಯಾದಾಗಿನಿಂದ ಅವರು ನನಗೆ ಕೈ ಮುಗಿದದ್ದಿಲ್ಲ. ಮುಗಿಯಬೇಕೋ ಬೇಡವೋ ತಿಳಿಯದೆ ಕೈ ಅರ್ಧಕ್ಕೆ ಎತ್ತಿದರು.

"ಒಸಿ ಬೆಂಕಿ ಕೊಡಮ್ಮಿ."

ಚಿಪ್ಪಿಗೆ ಎಣ್ಣೆ ಹಾಕಿ ಬತ್ತಿ ಹಚ್ಚಿಕೊಂಡು ಹೊರಗೆ ಬಂದೆ. ಹಿತ್ತಿಲಲ್ಲಿ ಗಾಳಿ ಎದ್ದಿತ್ತು, ಉರಿ ಒಂದು ಕಡೆಗೆ ಬಾಗಿತು. ಯಜಮಾನರು ಮುಂದೆ ಹೋಗಲಿಲ್ಲ. ಗಾಳಿ ಬರುವ ಕಡೆಗೆ ಬಂದು, ಟವೆಲ್ಲು ಬಿಚ್ಚಿ ಎರಡೂ ಕೈಯಲ್ಲಿ ಹರಡಿ ಹಿಡಿದು, ಅಡ್ಡಡ್ಡ ಹೆಜ್ಜೆ ಹಾಕುತ್ತ ನನ್ನ ಜೊತೆ ನಡೆದರು. ಅವರು ಚಿಕ್ಕವರಿದ್ದಾಗ ಅವರ ಅವ್ವನ ದೀಪಕ್ಕೆ ಅಪ್ಪ ಹೀಗೆ ಮರೆ ಹಿಡಿದದ್ದನ್ನು ನೋಡಿದ್ದರೋ, ನನ್ನ ದೀಪಕ್ಕೆ ಹಿಡಿದದ್ದನ್ನು ನೋಡಿದ್ದರೋ, ನಾನು ಕೇಳಲಿಲ್ಲ.

ಒಲೆ ಹತ್ತಿಕೊಂಡಿತು. ನಾನು ಮನೆಗೆ ಬಂದು, ಒಗೆದಿಟ್ಟಿದ್ದ ಬಿಳಿ ಪಂಚೆ ಕೊಡವಿ, ಹೊಗೆಗೊಳವೆಗೆ ಎದುರಾಗಿ ತಂತಿಯ ಮೇಲೆ ಹರಡಿದೆ.